ಯಾವ ಮೆದುಳು ಜ್ವರ ಅಂತ ಕೇಳಿ

(ವಿಜಯಪುರದಲ್ಲಿ ಆಶಾ ಕಾರ್ಯಕರ್ತೆಯರು, ಅಂಗನವಾಡಿ ಶಿಕ್ಷಕಿಯರು ಮತ್ತು ನರ್ಸಿಂಗ್ ವಿದ್ಯಾರ್ಥಿಗಳ ಮುಂದೆ ಆಡಿದ ಮಾತು. ಬರೆಯುವಾಗ ಕೆಲವು ಕಡೆ ಉದ್ದವಾಗಿದೆ. ಕೊನೆಯಲ್ಲಿ ಬಂದ ಪ್ರಶ್ನೆಗಳನ್ನೂ ಸೇರಿಸಿದ್ದೇನೆ.)

ನಮಸ್ಕಾರ. ಮೊದಲೇ ಒಂದು ವಿಷಯ ಹೇಳಿಬಿಡುತ್ತೇನೆ. ನಾನು ರೋಗಿಯನ್ನು ನೋಡುವ ಡಾಕ್ಟರ್ ಅಲ್ಲ. ರೋಗಿಯ ರಕ್ತ, ಕಫ, ಉಚ್ಚೆ, ಬೆನ್ನಿನ ನೀರು ನೋಡುವವನು. ಮೂವತ್ತು ವರ್ಷ ಲ್ಯಾಬಿನಲ್ಲಿ ಮೈಕ್ರೋಸ್ಕೋಪಿನ ಮುಂದೆ ಕೂತಿದ್ದೇನೆ. ನನ್ನ ಬಾಗಿಲಿಗೆ ಬರುವುದು ಬಾಟಲಿ. ಅದನ್ನು ಹಿಡಿದು ಬರುವವನು ಮಾತ್ರ ಮಗುವಿನ ಅಪ್ಪನೋ ಸೋದರಮಾವನೋ ಆಗಿರುತ್ತಾನೆ. ಅವನು ಬಾಟಲಿ ಕೊಟ್ಟು ಹೋಗುವುದಿಲ್ಲ. ಬಾಗಿಲ ಹತ್ತಿರವೇ ನಿಲ್ಲುತ್ತಾನೆ. ಸ್ವಲ್ಪ ಹೊತ್ತು ಬಿಟ್ಟು ಕೇಳುತ್ತಾನೆ: "ಏನ್ ಐತ್ರೀ ಸರ್? ಮೆದುಳು ಜ್ವರ ಐತೇನ್ರೀ?"

ಹೌದು ಅಂದರೂ ಅದು ಅರ್ಧ ಉತ್ತರವೇ. ಯಾವ ಮೆದುಳು ಜ್ವರ ಅನ್ನುವುದು ಉಳಿದರ್ಧ. ಔಷಧ ನಿಂತಿರುವುದು ಆ ಉಳಿದರ್ಧದ ಮೇಲೆ.

ನಮ್ಮ ಕಡೆ ಈ ಹೆಸರೇ ಒಂದು ಗೊಂದಲ. ಸೊಳ್ಳೆಯಿಂದ ಬರುವ ಜಪಾನೀಸ್ ಎನ್ಸೆಫಲೈಟಿಸ್‌ಗೂ ಮೆದುಳು ಜ್ವರ ಅನ್ನುತ್ತೇವೆ. ಮೆನಿಂಜೈಟಿಸ್‌ಗೂ ಅದನ್ನೇ ಅನ್ನುತ್ತೇವೆ. ಮಲೇರಿಯಾ ತಲೆಗೆ ಏರಿದರೂ ಅದೇ. ಟೈಫಾಯ್ಡ್‌ನಲ್ಲಿ ಬಡಬಡಿಸಿದರೂ ಅದೇ. ಒಬ್ಬ ತಾಯಿ ಲಸಿಕೆ ಕಾರ್ಡ್ ತೋರಿಸಿ ನನ್ನ ಜೊತೆ ಜಗಳಕ್ಕೇ ನಿಂತಿದ್ದಳು. "ಮೆದುಳು ಜ್ವರದ ಸೂಜಿ ಹಾಕ್ಸೀವಿ, ಮತ್ತ ಹೆಂಗ ಬಂತ್ರೀ?" ಅವಳದೇನು ತಪ್ಪು? ಅವಳು ಹಾಕಿಸಿದ್ದು ಜಪಾನೀಸ್ ಎನ್ಸೆಫಲೈಟಿಸ್ ಲಸಿಕೆ. ಮಗುವಿಗೆ ಬಂದದ್ದು ಕ್ಷಯದ ಮೆನಿಂಜೈಟಿಸ್.

ಎನ್ಸೆಫಲೈಟಿಸ್ ಅಂದರೆ ಮೆದುಳಿಗೇ ಉರಿಯೂತ. ಮೆನಿಂಜೈಟಿಸ್ ಅಂದರೆ ಮೆದುಳನ್ನೂ ಬೆನ್ನುಹುರಿಯನ್ನೂ ಸುತ್ತಿದ ಪೊರೆಗೆ ಉರಿಯೂತ. ಆ ಪೊರೆ ಮೂರು ಪದರ. ಹೊರಗಿನದು ಚಕ್ಕಳದ ಹಾಗೆ ದಪ್ಪ. ಒಳಗಿನ ಎರಡು ತೆಳ್ಳಗೆ. ಅವೆರಡರ ನಡುವೆ ತಿಳಿನೀರು ಹರಿಯುತ್ತದೆ. ಬೆನ್ನಿನ ನೀರು ಅನ್ನುವುದು ಇದನ್ನೇ. ದೊಡ್ಡವರಲ್ಲಿ ಒಟ್ಟು ಸುಮಾರು 150 ಮಿಲಿ. ರಕ್ತದಲ್ಲಿ ಕ್ರಿಮಿ ಬಂದರೆ ಹಿಡಿಯಲು ಬಿಳಿಕಣಗಳಿವೆ, ಬೇರೆ ಕಾವಲೂ ಇದೆ. ಈ ನೀರಿನಲ್ಲಿ ಆ ಕಾವಲು ಬಹಳ ಕಡಿಮೆ. ಗೋಡೆ ಹಾರಿ ಒಳಗೆ ಬಿದ್ದ ಕಳ್ಳನಿಗೆ ಮನೆಯಲ್ಲಿ ಯಾರೂ ಇಲ್ಲದ ಹಾಗೆ. ಅದಕ್ಕೇ ಬ್ಯಾಕ್ಟೀರಿಯಾದ ಮೆನಿಂಜೈಟಿಸ್ ಬೆಳಿಗ್ಗೆ ಜ್ವರ, ಸಂಜೆ ಪ್ರಜ್ಞೆ ಇಲ್ಲ ಅನ್ನುವಷ್ಟು ವೇಗವಾಗಿ ಏರಬಹುದು.

ಕತ್ತು ಯಾಕೆ ಬಿಗಿಯಾಗುತ್ತದೆ? ಗದ್ದವನ್ನು ಎದೆಗೆ ತಾಗಿಸಿದಾಗ ಬೆನ್ನಿನುದ್ದಕ್ಕೂ ಪೊರೆ ಎಳೆಯುತ್ತದೆ. ಉರಿಯುವ ಪೊರೆ ಎಳೆದರೆ ನೋವು. ನೋವು ತಪ್ಪಿಸಲು ಕತ್ತಿನ ಸ್ನಾಯು ತಾನೇ ಗಟ್ಟಿಯಾಗುತ್ತದೆ. ಅಷ್ಟೇ. ಆದರೆ ಕತ್ತು ಮೆತ್ತಗಿದೆ, ಹಾಗಾಗಿ ಇದು ಮೆನಿಂಜೈಟಿಸ್ ಅಲ್ಲ ಅಂತ ಯಾರೂ ಹೇಳಬಾರದು. ನೆದರ್ಲೆಂಡ್ಸ್‌ನಲ್ಲಿ ಬ್ಯಾಕ್ಟೀರಿಯಾದ ಮೆನಿಂಜೈಟಿಸ್ ಬಂದ ದೊಡ್ಡವರ 696 ಪ್ರಕರಣ ನೋಡಿದರು. ಅದು 2004ರಲ್ಲಿ ಪ್ರಕಟವಾಯಿತು. ಜ್ವರ, ಬಿಗಿಯಾದ ಕತ್ತು, ಮಂಪರು, ಈ ಮೂರೂ ಒಟ್ಟಿಗೆ ಇದ್ದದ್ದು ನೂರಕ್ಕೆ 44ರಲ್ಲಿ ಮಾತ್ರ. ಈ ಮೂರರ ಜೊತೆ ತಲೆನೋವನ್ನೂ ಸೇರಿಸಿ, ನಾಲ್ಕರಲ್ಲಿ ಯಾವುದಾದರೂ ಎರಡು ಅಂತ ನೋಡಿದಾಗ ನೂರಕ್ಕೆ 95ರಲ್ಲಿ ಇತ್ತು. ಪುಸ್ತಕದಲ್ಲಿ ಓದಿದ ಮೂರು ಲಕ್ಷಣಕ್ಕೆ ಕಾಯುತ್ತಾ ಕೂತರೆ ಅರ್ಧಕ್ಕಿಂತ ಜಾಸ್ತಿ ಜನ ಕೈತಪ್ಪುತ್ತಾರೆ ಅಂದ ಹಾಗಾಯಿತು, ಅಲ್ವಾ?

ಹಸುಗೂಸಿನಲ್ಲಂತೂ ಕತ್ತಿನ ಮಾತೇ ಬೇಡ. ಅಲ್ಲಿ ನೆತ್ತಿ ನೋಡಬೇಕು. ಈ ವಿಷಯದಲ್ಲಿ ನಮ್ಮ ಅಜ್ಜಿಯರಿಗೆ ನಮಗಿಂತ ಒಳ್ಳೆಯ ಕೈ ಇದೆ. ದಿನಾ ಎರೆಯುವ ಮುಂಚೆ ನೆತ್ತಿಗೆ ಎಣ್ಣೆ ಒತ್ತುತ್ತಾರೆ. ಆ ಅಂಗೈಗೆ ನಿನ್ನೆಯ ನೆತ್ತಿ ನೆನಪಿರುತ್ತದೆ. ಭೇದಿಯಾದರೆ ನೆತ್ತಿ ಕುಳಿ ಬೀಳುತ್ತದೆ. ತಲೆಯೊಳಗೆ ಒತ್ತಡ ಏರಿದರೆ ಉಬ್ಬುತ್ತದೆ. ಮಗು ಅಳುವಾಗ ನೆತ್ತಿ ಹೇಗೂ ಉಬ್ಬುತ್ತದೆ. ಹಾಗಾಗಿ ಸುಮ್ಮನಿದ್ದಾಗ ಎತ್ತಿ ಕೂರಿಸಿಕೊಂಡು ನೋಡಬೇಕು. ಮನೆಗೆ ಹೋದಾಗ "ನೆತ್ತಿ ಹೆಂಗೈತಿ ಆಯಿ?" ಅಂತ ಅಜ್ಜಿಯನ್ನೇ ಕೇಳಿ. ಜೊತೆಗೆ ಮೊಲೆ ಬಿಟ್ಟಿತೇ, ಅಳು ಕೀರಲಾಗಿದೆಯೇ, ಎತ್ತಿಕೊಂಡರೆ ಸಮಾಧಾನವಾಗುವ ಬದಲು ಇನ್ನೂ ಜಾಸ್ತಿ ಅಳುತ್ತದೆಯೇ ಅಂತ ಕೇಳಿ. ತಿಂಗಳೊಳಗಿನ ಕೂಸಿಗೆ ಜ್ವರವೇ ಇರದೆ ಮೈ ತಣ್ಣಗಾಗಿಯೂ ಮೆನಿಂಜೈಟಿಸ್ ಇರಬಹುದು.

ಇನ್ನು ಬರೆ. ಹೊಟ್ಟೆಯ ಮೇಲೆ ಬರೆ ಎಳೆಸಿಕೊಂಡ ಕೂಸುಗಳು ಈಗಲೂ ಬರುತ್ತವೆ. ಬೈದು ಉಪಯೋಗವಿಲ್ಲ, ಬೈದರೆ ಮುಂದಿನ ಸಲ ಮುಚ್ಚಿಡುತ್ತಾರೆ. ಬರೆ ಹಾಕಿಸಲು ಹೊರಟವರಿಗೆ "ಹಾಲು ಕುಡಿಯದ ಕೂಸನ್ನ ಮೊದಲು ದವಾಖಾನಿಗೆ ಒಯ್ಯೋಣ ಬರ್ರಿ" ಅಂತ ಜೊತೆಗೆ ಹೊರಡುವವರು ಬೇಕು.

ಮೈಮೇಲೆ ಕೆಂಪು, ನೇರಳೆ ಚುಕ್ಕೆ ಎದ್ದು ಅದರ ಮೇಲೆ ಗಾಜಿನ ಲೋಟ ಒತ್ತಿದರೂ ಮಾಸದಿದ್ದರೆ ಅದು ಮೆನಿಂಗೊಕಾಕಸ್ ಅನ್ನುವ ಬ್ಯಾಕ್ಟೀರಿಯಾದ ಗುರುತು ಇರಬಹುದು. ನಮ್ಮ ಮೈಬಣ್ಣದಲ್ಲಿ ಚುಕ್ಕೆ ಸುಲಭಕ್ಕೆ ಕಾಣುವುದಿಲ್ಲ. ಅಂಗೈ, ಅಂಗಾಲು, ಕಣ್ಣಿನ ಕೆಳರೆಪ್ಪೆಯ ಒಳಗೆ ನೋಡಬೇಕು.

ಇಷ್ಟು ವೇಗದ ಮೆನಿಂಜೈಟಿಸ್ ಬಗ್ಗೆ. ನಮ್ಮ ಜಿಲ್ಲೆಗಳಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ನಿಧಾನದ್ದು. ಕ್ಷಯದ್ದು.

ಅದು ಹೀಗೆ ಬರುತ್ತದೆ. ಮಗು ಆಡುವುದು ಬಿಡುತ್ತದೆ. ಸಂಜೆ ಮೈ ಬೆಚ್ಚಗೆ. ರೊಟ್ಟಿ ಬೇಡ ಅನ್ನುತ್ತದೆ. ಮೂಲೆಯಲ್ಲಿ ಮಲಗುತ್ತದೆ. ಶಾಲೆಯಲ್ಲಿ ಮಾಸ್ತರರು "ಇತ್ತೀಚೆಗೆ ಮಂಕಾಗಿದಾನೆ" ಅನ್ನುತ್ತಾರೆ. ವಾರ ಕಳೆದ ಮೇಲೆ ವಾಂತಿ, ತಲೆನೋವು. ಮನೆಯವರು ಪಿತ್ತ ಅಂದುಕೊಳ್ಳುತ್ತಾರೆ. ಊರಿನ ಸೂಜಿ ಡಾಕ್ಟ್ರು ಎರಡು ದಿನ ಸೂಜಿ ಚುಚ್ಚುತ್ತಾರೆ. ಆಮೇಲೆ ಒಂದು ಕಣ್ಣು ಮೆಳ್ಳೆಗಣ್ಣಾಗುತ್ತದೆ. ಆಗ ದೆವ್ವ, ಗಾಳಿ, ತಾಯತ. ಕೊನೆಗೆ ಫಿಟ್ಸ್. ಆಸ್ಪತ್ರೆಗೆ ಬರುವುದು ಫಿಟ್ಸ್ ಬಂದ ದಿನ. ಎರಡು ಮೂರು ವಾರ ಆಗಲೇ ಹೋಗಿರುತ್ತದೆ. ಎಡಿನ್‌ಬರೋದ ರಾಬರ್ಟ್ ವಿಟ್ ಎಂಬ ವೈದ್ಯರು ಇಪ್ಪತ್ತು ಮಕ್ಕಳಲ್ಲಿ ಕಂಡದ್ದನ್ನು ಬರೆದಿಟ್ಟರು. ಅದು 1768ರಲ್ಲಿ ಅಚ್ಚಾಯಿತು. ಮೊದಲು ಮಂಕು, ಆಮೇಲೆ ವಾಂತಿ, ಕಣ್ಣು, ಕೊನೆಗೆ ಪ್ರಜ್ಞೆ ಹೋಗುವುದು ಅಂತ ಹಂತಹಂತವಾಗಿ ಬರೆದಿದ್ದಾರೆ. ಅವರಿಗೆ ಕ್ಷಯದ ಕ್ರಿಮಿ ಅಂತ ಒಂದಿದೆ ಅನ್ನುವುದೇ ಗೊತ್ತಿರಲಿಲ್ಲ. ಜರ್ಮನಿಯ ವೈದ್ಯ ಕಾಖ್ ಅದನ್ನು ತೋರಿಸಿದ್ದು 1882ರಲ್ಲಿ. ಕಾರಣ ಗೊತ್ತಿಲ್ಲದೆಯೂ ಅವರು ಗುರುತು ಹಿಡಿದರು. ನಮಗೆ ಕಾರಣ ಗೊತ್ತಿದೆ, ಗುರುತು ತಪ್ಪುತ್ತದೆ.

ಹಾಗಾಗಿ ಐದಾರು ದಿನ ದಾಟಿದ ಜ್ವರ, ಜೊತೆಗೆ ಮಂಕು ಅಥವಾ ವಾಂತಿ ಇದ್ದರೆ ಇನ್ನೊಂದು ಪ್ರಶ್ನೆ ಕೇಳಿ: ಮನೆಯಲ್ಲಿ ಯಾರು ಕೆಮ್ಮುತ್ತಿದ್ದಾರೆ? ಎಷ್ಟೋ ಸಲ ಪಡಸಾಲೆಯಲ್ಲಿ ಮಲಗಿ ಕೆಮ್ಮುವ ಅಜ್ಜನೇ ಉತ್ತರ. ಹುಟ್ಟಿದಾಗ ಹಾಕುವ ಬಿಸಿಜಿ ಲಸಿಕೆ ಮಕ್ಕಳನ್ನು ಈ ರೀತಿಯ ಕ್ಷಯದಿಂದಲೇ ಹೆಚ್ಚು ಕಾಯುತ್ತದೆ. ಆದರೆ ನೂರಕ್ಕೆ ನೂರು ಕಾಯುವುದಿಲ್ಲ.

ಈಗ ಬೆನ್ನಿನ ನೀರಿನ ಮಾತಿಗೆ ಬರೋಣ. ಜಗಳ ಶುರುವಾಗುವುದೇ ಇಲ್ಲಿ.

"ನೀರ ತಗದ್ರ ಸೊಂಟ ಹೋಗ್ತೈತ್ರಿ." ಈ ಮಾತನ್ನು ನಾನು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಸಹಿ ಹಾಕುವುದಿಲ್ಲ. ಹಿರಿಯರನ್ನು ಕೇಳಬೇಕು ಅನ್ನುತ್ತಾರೆ. ಹಿರಿಯರು ಇಂಡಿ ತಾಲೂಕಿನಿಂದ ಬಸ್ಸಿನಲ್ಲಿ ಬರುವಷ್ಟರಲ್ಲಿ ಅರ್ಧ ದಿನ. ಆ ಹೆದರಿಕೆ ಎಲ್ಲಿಂದ ಬಂತು? ನನಗೆ ಅನ್ನಿಸುವುದು ಇಷ್ಟು. ತಡವಾಗಿ ಬಂದವರಿಗೆ ರೋಗದಿಂದಲೇ ಕೈಕಾಲು ಹೋಗಿರುತ್ತದೆ. ಊರಿಗೆ ಹೋದ ಮೇಲೆ ಜನರಿಗೆ ನೆನಪಿರುವುದು ಸೂಜಿ ಮಾತ್ರ.

ನಿಜ ಸಂಗತಿ ಏನು? ದೊಡ್ಡವರಲ್ಲಿ ಬೆನ್ನುಹುರಿ ಸೊಂಟದ ಮೊದಲ ಅಥವಾ ಎರಡನೆಯ ಮೂಳೆಯ ಹತ್ತಿರವೇ ಮುಗಿಯುತ್ತದೆ. ಸೂಜಿ ಹಾಕುವುದು ಅದಕ್ಕೂ ಕೆಳಗೆ, ಮೂರು-ನಾಲ್ಕನೆಯ ಅಥವಾ ನಾಲ್ಕು-ಐದನೆಯ ಮೂಳೆಗಳ ನಡುವೆ. ಅಲ್ಲಿ ಬೆನ್ನುಹುರಿ ಇಲ್ಲ. ನೀರು, ಅದರಲ್ಲಿ ತೇಲುವ ನರದ ಎಳೆಗಳು. ನೀರಲ್ಲಿ ಕುದಿಸಿದ ಶಾವಿಗೆಯೊಳಗೆ ಕಡ್ಡಿ ಇಳಿಸಿ ನೋಡಿ. ಎಳೆಗಳು ಪಕ್ಕಕ್ಕೆ ಸರಿಯುತ್ತವೆ, ಚುಚ್ಚಿಕೊಳ್ಳುವುದಿಲ್ಲ. ಇಲ್ಲೂ ಹಾಗೇ. ಇನ್ನು ನೀರು ಖಾಲಿಯಾಗುವ ಭಯ. ದೇಹ ದಿನಕ್ಕೆ ಸುಮಾರು ಅರ್ಧ ಲೀಟರ್ ಈ ನೀರನ್ನು ಹೊಸದಾಗಿ ಮಾಡುತ್ತದೆ, ಅಂದರೆ ತಾಸಿಗೆ ಸುಮಾರು 20 ಮಿಲಿ. ನಾವು ತೆಗೆಯುವುದು ಕೆಲವೇ ಮಿಲಿ. ರೋಗಿಯ ಅಪ್ಪ ನನ್ನ ಲ್ಯಾಬಿಗೆ ನಡೆದು ಬರುವಷ್ಟರಲ್ಲಿ ಅದು ತುಂಬಿಕೊಂಡಿರುತ್ತದೆ. ಆಮೇಲೆ ಎರಡು ದಿನ ತಲೆ ನೋಯಬಹುದು. ಅದನ್ನು ಮುಚ್ಚಿಡದೆ ಮೊದಲೇ ಹೇಳಬೇಕು. 1891ರಲ್ಲಿ ಜರ್ಮನಿಯಲ್ಲಿ ಕ್ವಿಂಕೆ ಎಂಬ ವೈದ್ಯರು ಶುರು ಮಾಡಿದ ಈ ಪರೀಕ್ಷೆಗೆ ಇವತ್ತಿಗೂ ಸರಿಸಾಟಿ ಇಲ್ಲ. ಸ್ಕ್ಯಾನ್ ಮಾಡಿದರೆ ಸಾಲದಾ ಅಂತ ಕೇಳುತ್ತಾರೆ. ಸಾಲದು. ಸ್ಕ್ಯಾನ್ ತಲೆಯ ಚಿತ್ರ ಕೊಡುತ್ತದೆ, ಕ್ರಿಮಿಯ ಹೆಸರು ಕೊಡುವುದಿಲ್ಲ. ಹೊಸದಾಗಿ ಫಿಟ್ಸ್ ಬಂದವರಿಗೆ, ಪ್ರಜ್ಞೆ ಬಹಳ ಕುಗ್ಗಿದವರಿಗೆ, ಒಂದು ಕಡೆ ಕೈಕಾಲು ಸೋತವರಿಗೆ ಮೊದಲು ಸ್ಕ್ಯಾನ್ ಬೇಕು. ಸೂಜಿಗೆ ಮುಂಚೆ ಎಲ್ಲರಿಗೂ ಬೇಕಿಲ್ಲ.

ಒಂದು ಮಾತನ್ನು ಒತ್ತಿ ಹೇಳಬೇಕು. ಸ್ಕ್ಯಾನಿಗೆ ಕಾಯಬೇಕಾದರೆ, ಅಥವಾ ಸೊಲ್ಲಾಪುರಕ್ಕೆ, ಮಿರಜಕ್ಕೆ, ಬೆಂಗಳೂರಿಗೆ ಒಯ್ಯುತ್ತೇವೆ ಅಂತ ಮನೆಯವರು ಹಟ ಹಿಡಿದರೆ, ಮೊದಲು ಕಲ್ಚರ್‌ಗೆ, ಅಂದರೆ ಕ್ರಿಮಿ ಬೆಳೆಸಿ ನೋಡಲು, ರಕ್ತ ತೆಗೆದುಕೊಂಡು ಆಂಟಿಬಯಾಟಿಕ್‌ನ ಮೊದಲ ಡೋಸ್ ಹಾಕಿ ಕಳಿಸಬೇಕು. ಅನುಮಾನ ಬಂದ ಒಂದು ತಾಸಿನೊಳಗೆ ಅದು ರಕ್ತಕ್ಕೆ ಹೋಗಬೇಕು. ಹಾಗಾದರೆ ಕ್ರಿಮಿ ಸತ್ತು ನಿಮ್ಮ ಕಲ್ಚರ್ ಹಾಳಾಗುವುದಿಲ್ಲವೇ ಅಂತ ಯುವ ಡಾಕ್ಟರುಗಳು ಕೇಳುತ್ತಾರೆ. ಹಾಳಾಗುತ್ತದೆ. ಮೆನಿಂಗೊಕಾಕಸ್ ಎರಡು ತಾಸಿನೊಳಗೇ ಸಾಯಬಹುದು. ನನ್ನ ಕಲ್ಚರ್ ಹಾಳಾಗಲಿ, ಹುಡುಗ ಉಳಿಯಲಿ. ಕಣಗಳು, ಸಕ್ಕರೆ, ಪ್ರೋಟೀನ್ ಆಮೇಲೂ ಕಥೆ ಹೇಳುತ್ತವೆ. ಊರಲ್ಲಿ ಯಾವುದೋ ಹೆಸರಿಲ್ಲದ ಸೂಜಿ ನಾಲ್ಕು ದಿನ ಹಾಕಿಸಿಕೊಂಡು ಬಂದ ಪ್ರಕರಣ ಮಾತ್ರ ಬೇರೆ. ಅದು ರೋಗವನ್ನು ಕೊಲ್ಲುವುದಿಲ್ಲ, ಗುರುತನ್ನು ಅಳಿಸುತ್ತದೆ. ಅರ್ಧ ಚಿಕಿತ್ಸೆಯಾದ ಬ್ಯಾಕ್ಟೀರಿಯಾ, ಕ್ಷಯ, ವೈರಸ್, ಮೂರೂ ನನ್ನ ಕಣ್ಣಿಗೆ ಒಂದೇ ಥರ ಕಾಣತೊಡಗುತ್ತವೆ. ಸೂಜಿಯ ಚೀಟಿ ಇಲ್ಲದಿದ್ದರೆ ಖಾಲಿ ಬಾಟಲಿಯನ್ನಾದರೂ ತರಲು ಹೇಳಿ.

ನೀರು ಬಂತು. ನಾನು ಏನು ನೋಡುತ್ತೇನೆ? ಮೊದಲು ಬೆಳಕಿಗೆ ಹಿಡಿಯುತ್ತೇನೆ. ಆರೋಗ್ಯವಂತರ ನೀರು ಬಾವಿಯ ತಿಳಿನೀರಿನ ಹಾಗೆ. ಬ್ಯಾಕ್ಟೀರಿಯಾ ಇದ್ದರೆ ಅಕ್ಕಿ ತೊಳೆದ ನೀರಿನ ಹಾಗೆ ಮಬ್ಬು. ಕ್ಷಯದಲ್ಲಿ ಬಹುತೇಕ ತಿಳಿಯಾಗಿಯೇ ಇರುತ್ತದೆ, ಆದರೆ ಟ್ಯೂಬನ್ನು ಅಲುಗಾಡಿಸದೆ ಇಟ್ಟರೆ ಕೆಲವೊಮ್ಮೆ ಒಳಗೆ ಜೇಡರ ಬಲೆಯಂಥ ಎಳೆ ಕಟ್ಟುತ್ತದೆ. ಅದನ್ನು ಮೊದಲ ಸಲ ಕಂಡ ದಿನ ನಾನು ಊಟ ಬಿಟ್ಟು ನೋಡುತ್ತಾ ಕೂತಿದ್ದೆ. ಚೆಲುವಾಗಿತ್ತು. ಆ ಚೆಲುವು ಯಾರ ಮಗುವಿನದು ಅಂತ ಆಮೇಲೆ ನೆನಪಾಯಿತು.

ಆಮೇಲೆ ಕಣಗಳ ಎಣಿಕೆ. ಸಹಜವಾಗಿ ಒಂದು ಘನ ಮಿಲಿಮೀಟರಿನಲ್ಲಿ ಐದಕ್ಕಿಂತ ಜಾಸ್ತಿ ಬಿಳಿಕಣ ಇರುವುದಿಲ್ಲ. ಬ್ಯಾಕ್ಟೀರಿಯಾದಲ್ಲಿ ನೂರಾರು, ಸಾವಿರಾರು, ಅದೂ ನ್ಯೂಟ್ರೋಫಿಲ್ ಅನ್ನುವ ಬಗೆಯ ಬಿಳಿಕಣ. ವೈರಸ್ ಮತ್ತು ಕ್ಷಯದಲ್ಲಿ ಹೆಚ್ಚಾಗಿ ಲಿಂಫೋಸೈಟ್ ಅನ್ನುವ ಇನ್ನೊಂದು ಬಗೆ. ಇವೆರಡನ್ನು ಬೇರೆ ಮಾಡುವುದು ಸಕ್ಕರೆ. ವೈರಸ್ಸಿನಲ್ಲಿ ಸಕ್ಕರೆ ಸಾಮಾನ್ಯವಾಗಿ ಸರಿಯಾಗಿರುತ್ತದೆ. ಕ್ಷಯದಲ್ಲಿ ಇಳಿಯುತ್ತದೆ, ಪ್ರೋಟೀನ್ ಏರುತ್ತದೆ. ಈ ಸಕ್ಕರೆಯಲ್ಲಿ ಒಂದು ಮೋಸ ಇದೆ. ಬೆನ್ನಿನ ನೀರಿನ ಸಕ್ಕರೆ ರಕ್ತದ ಸಕ್ಕರೆಯ ಸುಮಾರು ಮೂರರಲ್ಲಿ ಎರಡು ಪಾಲು ಇರಬೇಕು. ದಾರಿಯಲ್ಲಿ ಗ್ಲೂಕೋಸ್ ಬಾಟಲಿ ಏರಿಸಿಕೊಂಡು ಬಂದ ಮಗುವಿನ ನೀರಿನಲ್ಲಿ 60 ಇತ್ತು ಅಂದುಕೊಳ್ಳಿ. ಸರಿಯಾಗಿದೆ ಅನ್ನಿಸುತ್ತದೆ. ಅದೇ ಹೊತ್ತಿನ ರಕ್ತದಲ್ಲಿ 240 ಇದ್ದರೆ? ಆಗ 60 ಅಂದರೆ ಕಾಲು ಭಾಗ, ಬಹಳ ಕಡಿಮೆ. ಸೂಜಿ ಹಾಕುವ ಹೊತ್ತಿಗೇ ಬೆರಳು ಚುಚ್ಚಿ ಸಕ್ಕರೆ ನೋಡಿ ಬರೆಯಿರಿ ಅಂತ ನರ್ಸುಗಳಿಗೆ ನಾನು ಗೋಗರೆಯುವುದು ಇದಕ್ಕೇ.

ಆಮೇಲೆ ಗ್ರಾಮ್ ಸ್ಟೇನ್. ಬ್ಯಾಕ್ಟೀರಿಯಾ ಕಾಣಲು ಹಚ್ಚುವ 1884ರ ಹಳೆಯ ಬಣ್ಣ. ಹತ್ತು ನಿಮಿಷದ ಕೆಲಸ. ನ್ಯುಮೊಕಾಕಸ್ ಅನ್ನುವ ಬ್ಯಾಕ್ಟೀರಿಯಾ ನೇರಳೆ ಬಣ್ಣದಲ್ಲಿ ಜೋಡಿಯಾಗಿ ಕಾಣುತ್ತದೆ. ಎರಡು ಕುಸುಬಿ ಕಾಳುಗಳನ್ನು ಬುಡಕ್ಕೆ ಬುಡ ಹಚ್ಚಿ ಇಟ್ಟ ಹಾಗೆ, ಚೂಪು ತುದಿ ಹೊರಗೆ. ಮೆನಿಂಗೊಕಾಕಸ್ ಗುಲಾಬಿ ಬಣ್ಣ. ಎರಡು ಅಲಸಂದಿ ಕಾಳು ಎದುರುಬದುರು ಕೂತ ಹಾಗೆ, ಹೆಚ್ಚಾಗಿ ಬಿಳಿಕಣದ ಹೊಟ್ಟೆಯೊಳಗೆ. ಹಿಬ್ ಅನ್ನುವ ಹೀಮೊಫಿಲಸ್ ಇನ್‌ಫ್ಲುಯೆಂಜೇ ಬಿ ಸಣ್ಣ ಗುಲಾಬಿ ಕಡ್ಡಿ. ಹಿಂದೆ ಪುಟ್ಟ ಮಕ್ಕಳಲ್ಲಿ ಇದೇ ಮುಂದಾಳು. ಹಿಬ್ ಸೇರಿ ಐದು ರೋಗ ತಡೆಯುವ ಪೆಂಟಾವ್ಯಾಲೆಂಟ್ ಲಸಿಕೆ ಬಂದ ಮೇಲೆ ನನ್ನ ಸ್ಲೈಡಿನಲ್ಲಿ ಅದು ಅಪರೂಪವಾಯಿತು. ಕಬ್ಬು ಕಡಿಯುವ ಗ್ಯಾಂಗಿನ ಜೊತೆ ಊರೂರು ತಿರುಗುವ, ಆರು, ಹತ್ತು, ಹದಿನಾಲ್ಕನೆಯ ವಾರದ ಡೋಸ್ ತಪ್ಪಿಸಿಕೊಂಡ ಮಕ್ಕಳ ಬಗ್ಗೆ ಮಾತ್ರ ನನಗೆ ಚಿಂತೆ. ನ್ಯುಮೊಕಾಕಸ್‌ನ ಪಿಸಿವಿ ಲಸಿಕೆ ದೇಶದಲ್ಲಿ 2017ರಲ್ಲಿ ಶುರುವಾಗಿ 2021ರಲ್ಲಿ ಎಲ್ಲ ಕಡೆ ಬಂತು. ಕಾರ್ಡ್ ನೋಡುವಾಗ ಅದನ್ನೂ ನೋಡಿ.

ಕ್ಷಯದ ಕ್ರಿಮಿ ಮಾತ್ರ ಸ್ಲೈಡಿನಲ್ಲಿ ಸುಲಭಕ್ಕೆ ಸಿಗುವುದಿಲ್ಲ. ನೀರಿನಲ್ಲಿ ಅದು ಬಹಳ ವಿರಳ. ಈಗ ಕ್ರಿಮಿಯ ಜೀನ್ ಹುಡುಕುವ ಸಿಬಿನ್ಯಾಟ್ ಯಂತ್ರ ಎರಡು ತಾಸಿನಲ್ಲಿ ಉತ್ತರ ಕೊಡುತ್ತದೆ. ಆದರೆ ಅದು ಇಲ್ಲ ಅಂದರೆ ರೋಗ ಇಲ್ಲ ಅಂತ ಅಲ್ಲ. ಹಾಗಾಗಿ ಡಾಕ್ಟರ್ ಕ್ಷಯದ ಮಾತ್ರೆ ಶುರು ಮಾಡಿದರೆ "ರಿಪೋರ್ಟಿನಾಗ ಇಲ್ಲಲ್ರೀ" ಅಂತ ಬಿಡಿಸಬೇಡಿ. ಒಂಬತ್ತು ತಿಂಗಳಿಂದ ಒಂದು ವರ್ಷ ನುಂಗಬೇಕಾದ ಮಾತ್ರೆ ಅದು. ಎರಡು ತಿಂಗಳಿಗೆ ಮಗು ಆಡತೊಡಗಿದಾಗ ನಿಲ್ಲಿಸುವವರು ಜಾಸ್ತಿ.

ಗೋಳಗುಮ್ಮಟದ ಊರಲ್ಲಿ ಪಾರಿವಾಳದ ಮಾತು ಹೇಳದೆ ಹೋಗುವಂತಿಲ್ಲ. ಪಾರಿವಾಳದ ಹಿಕ್ಕೆ ಬಿದ್ದ ಮಣ್ಣಿನಲ್ಲಿ ಕ್ರಿಪ್ಟೊಕಾಕಸ್ ಅನ್ನುವ ಶಿಲೀಂಧ್ರ ಬೆಳೆಯುತ್ತದೆ. ಅದು ನಮ್ಮೆಲ್ಲರ ಮೂಗಿಗೂ ಹೋಗಿರಬಹುದು. ರೋಗನಿರೋಧಕ ಶಕ್ತಿ ಇರುವವರಿಗೆ ಸಾಮಾನ್ಯವಾಗಿ ಏನೂ ಆಗುವುದಿಲ್ಲ. ಎಚ್‌ಐವಿಯಿಂದ ಶಕ್ತಿ ಕುಸಿದವರಿಗೆ ಮೆನಿಂಜೈಟಿಸ್ ತರುತ್ತದೆ. ಇಪ್ಪತ್ತು ವರ್ಷದ ಹಿಂದೆ ಬಾಗಲಕೋಟೆ, ಬೆಳಗಾವಿ ಕಡೆ ಎಚ್‌ಐವಿ ಎಷ್ಟಿತ್ತು ಅಂತ ನಿಮ್ಮಲ್ಲಿ ಹಿರಿಯರಿಗೆ ಗೊತ್ತು. ಆಗ ಇದನ್ನು ಬಹಳ ಕಂಡೆ. ವಾರಗಟ್ಟಲೆ ತಲೆನೋವು, ಜ್ವರ ಅಷ್ಟಕ್ಕಷ್ಟೇ. ಬೆನ್ನಿನ ನೀರಿಗೆ ಒಂದು ಹನಿ ಕಪ್ಪು ಇಂಡಿಯಾ ಇಂಕ್ ಬೆರೆಸಿದರೆ ಅಮಾವಾಸ್ಯೆ ಕತ್ತಲಲ್ಲಿ ಲಾಟೀನು ಇಟ್ಟ ಹಾಗೆ, ಪ್ರತಿ ಶಿಲೀಂಧ್ರ ಕಣದ ಸುತ್ತ ಬೆಳಕಿನ ಬಳೆ. ಈ ರೋಗದಲ್ಲಿ ಬೆನ್ನಿನ ನೀರು ತೆಗೆಯುವುದೇ ಚಿಕಿತ್ಸೆಯ ಭಾಗ. ಒತ್ತಡ ಇಳಿದು ತಲೆನೋವು ಅಲ್ಲೇ ಕಡಿಮೆಯಾಗುತ್ತದೆ. ಮೊದಲ ಸಲ ಬೇಡವೆಂದು ಅತ್ತವರು ಮೂರನೆಯ ದಿನ "ಇವತ್ತ ನೀರ ತಗೀರ್ರೀ" ಅಂತ ತಾವೇ ಕೇಳುತ್ತಾರೆ.

ಕಾರಣಗಳಲ್ಲಿ ಇನ್ನೆರಡು ಬಾಗಿಲು ಮರೆಯಬಾರದು. ವರ್ಷಗಟ್ಟಲೆ ಸೋರುವ ಕಿವಿ, ಅದಕ್ಕೆ ಹಾಕುವ ಬಳ್ಳೊಳ್ಳಿ ಎಣ್ಣೆ. ಕಿವಿಯ ಮೂಳೆ ಸವೆದರೆ ಅಲ್ಲಿಂದ ಮೆದುಳಿಗೆ ದಾರಿ ಹತ್ತಿರ. ಇನ್ನೊಂದು, ಬೈಕಿನಿಂದ ಬಿದ್ದ ಮೇಲೆ ಬಗ್ಗಿದಾಗಲೆಲ್ಲ ಒಂದೇ ಮೂಗಿನ ಹೊಳ್ಳೆಯಿಂದ ತೊಟ್ಟಿಕ್ಕುವ ನೀರು. ಅದು ನೆಗಡಿ ಅಲ್ಲದಿರಬಹುದು, ತಲೆಯೊಳಗಿನ ನೀರೇ ಇರಬಹುದು. ಇಂಥವರಿಗೆ ಮೆನಿಂಜೈಟಿಸ್ ಮತ್ತೆ ಮತ್ತೆ ಬರುತ್ತದೆ.

ಬದುಕಿ ಮನೆಗೆ ಹೋದ ಮಗುವಿನ ಕಿವಿ ಕೇಳುತ್ತದೆಯೇ ಅಂತ ನಾಲ್ಕು ವಾರದೊಳಗೆ ಪರೀಕ್ಷೆ ಆಗಬೇಕು. ಕುಕ್ಕರ್ ಸೀಟಿಗೂ ತಿರುಗಿ ನೋಡದ ಮಗುವನ್ನು "ಹಟಮಾರಿ" ಅಂದುಕೊಂಡು ಒಂದು ವರ್ಷ ಕಳೆದ ಮನೆ ನನಗೆ ಗೊತ್ತು.

ಪ್ರಶ್ನೆಗಳು ಬಂದವು. ಒಬ್ಬ ಶಿಕ್ಷಕಿ, ಒಂದು ಮಗುವಿಗೆ ಮೆದುಳು ಜ್ವರ ಅಂದರೆ ಅಂಗನವಾಡಿ ಮುಚ್ಚಬೇಕಾ ಅಂದರು. ಮತ್ತೆ ಅದೇ ಮಾತು, ಯಾವುದು ಅಂತ ಕೇಳಿ. ಮೆನಿಂಗೊಕಾಕಸ್ ಆದರೆ ಮನೆಯವರಿಗೆ, ಹತ್ತಿರ ಇದ್ದವರಿಗೆ ತಡೆಯುವ ಮಾತ್ರೆ ಬೇಕು. ಆ ಕ್ರಿಮಿ ಹತ್ತರಲ್ಲಿ ಒಬ್ಬರ ಗಂಟಲಲ್ಲಿ ಸುಮ್ನೆ ಇರುತ್ತದೆ, ಜನ ಒತ್ತೊತ್ತಾಗಿ ಸೇರಿದಲ್ಲಿ ಹಬ್ಬುತ್ತದೆ. ಇಲ್ಲಿಂದ ಹಜ್‌ಗೆ ಹೋಗುವವರಿಗೆ ಲಸಿಕೆ ಕಡ್ಡಾಯ ಮಾಡಿರುವುದು ಅದಕ್ಕೇ. ಆಫ್ರಿಕಾದಲ್ಲಿ ಈ ಕ್ರಿಮಿಯ ಎ ಬಗೆಯನ್ನು ಅಡಗಿಸಿದ ಲಸಿಕೆ ತಯಾರಾದದ್ದು ಪುಣೆಯ ಸೀರಮ್ ಇನ್‌ಸ್ಟಿಟ್ಯೂಟಿನಲ್ಲಿ. 2010ರಲ್ಲಿ ಬುರ್ಕಿನಾ ಫಾಸೊದಿಂದ ಶುರುವಾಯಿತು. ಪುಣೆ ನಮಗೆ ಬೆಂಗಳೂರಿಗಿಂತ ಹತ್ತಿರ. ಇನ್ನು ನ್ಯುಮೊಕಾಕಸ್ ಆದರೆ ಪಕ್ಕದ ಮಗುವಿಗೆ ಮಾತ್ರೆ ಬೇಕಿಲ್ಲ. ಕ್ಷಯದ್ದಾದರೆ ಅಂಗನವಾಡಿ ಮುಚ್ಚಿ ಏನು ಮಾಡುತ್ತೀರಿ, ಕೆಮ್ಮುವ ಅಜ್ಜನನ್ನು ಹುಡುಕಿ.

ಇನ್ನೊಬ್ಬರು ಕೇರಳದ ಸುದ್ದಿ ನೋಡಿ ಹೆದರಿದ್ದರು. ಬಾವಿಯಲ್ಲಿ ಈಜುವ ಮಕ್ಕಳಿಗೆ ಮೆದುಳು ತಿನ್ನುವ ಹುಳ ಬರುತ್ತದಾ? ಅದು ಹುಳ ಅಲ್ಲ, ಅಮೀಬಾ. ಬಿಸಿಲಿಗೆ ಕಾದ ನೀರು ಮೂಗಿನ ಮೇಲ್ಭಾಗಕ್ಕೆ ನುಗ್ಗಿದರೆ ಮಾತ್ರ. ಕುಡಿದರೆ ಬರುವುದಿಲ್ಲ. ಬಹಳ ಅಪರೂಪ. ಆದರೆ ಈಜಿದ ಒಂದೆರಡು ವಾರದೊಳಗೆ ತಲೆನೋವು, ಜ್ವರ ಬಂದರೆ "ಈಜಿದ್ದ" ಅಂತ ಡಾಕ್ಟರಿಗೆ ಹೇಳಲೇಬೇಕು. ಹೇಳಿದರೆ ನಾವು ತಾಜಾ ನೀರಿನಲ್ಲೇ ಅದು ಹರಿದಾಡುವುದನ್ನು ಹುಡುಕುತ್ತೇವೆ. ತಣ್ಣಗಾದರೆ ಅದು ಅಲುಗಾಡುವುದಿಲ್ಲ.

ತಣ್ಣಗೆ ಅಂದಾಗ ನೆನಪಾಯಿತು. ಒಮ್ಮೆ ತಾಲೂಕಿನ ಕಡೆಯಿಂದ ಒಬ್ಬ ಅಪ್ಪ ಬೆನ್ನಿನ ನೀರನ್ನು ಐಸ್ ತುಂಬಿದ ಲಸಿಕೆ ಡಬ್ಬಿಯಲ್ಲಿ ಇಟ್ಟುಕೊಂಡು ಮೂರು ತಾಸು ಪ್ರಯಾಣ ಮಾಡಿ ಬಂದಿದ್ದ. ಅಲ್ಲಿ ಯಾರೋ ಪ್ರೀತಿಯಿಂದಲೇ ಹಾಗೆ ಕಟ್ಟಿಕೊಟ್ಟಿದ್ದರು. ಮೆನಿಂಗೊಕಾಕಸ್, ಹಿಬ್ ಎರಡಕ್ಕೂ ಚಳಿ ಆಗದು. ಕಲ್ಚರ್‌ನಲ್ಲಿ ಏನೂ ಬೆಳೆಯಲಿಲ್ಲ. ಕಣಗಳೂ ಅರ್ಧಕ್ಕರ್ಧ ಒಡೆದಿದ್ದವು. ಅವನು ಬಾಗಿಲ ಹತ್ತಿರ ನಿಂತೇ ಇದ್ದ. ಯಾವುದು ಅಂತ ನಾನು ಹೇಳಲಾಗಲಿಲ್ಲ.

ಕೊನೆಗೆ ಒಬ್ಬ ನರ್ಸಿಂಗ್ ಹುಡುಗಿ ಎದ್ದು ಕೇಳಿದಳು: "ಸರ್, ರಾತ್ರಿ ಎರಡಕ್ಕ ನೀರ ತಗದ್ರ, ಲ್ಯಾಬ್ ಮುಚ್ಚಿದ್ರ, ಬೆಳಗಾಗೂತನ ಎಲ್ಲಿಡೂದ್ರೀ?" ಎಲ್ಲೂ ಇಡಬೇಡ, ಯಾರನ್ನಾದರೂ ಎಬ್ಬಿಸು ಅಂದೆ. ಮುಚ್ಚಳ ಬಿಗಿ ಮಾಡು, ಪ್ಲಾಸ್ಟಿಕ್ ಚೀಲದಲ್ಲಿ ಸುತ್ತು, ಹೊರಗೆ ಚಳಿ ಇದ್ದರೆ ಒಳಕಿಸೆಯಲ್ಲಿ ಇಟ್ಟುಕೊಂಡು ಬಾ, ಬಾಗಿಲು ಬಡಿ. ಎಲ್ಲರೂ ನಕ್ಕರು. ಅವಳು ನಗಲಿಲ್ಲ, ಬರೆದುಕೊಂಡಳು.